ಹೊಸ ಜಾಲ ಹೊತ್ತ ಹಳೆಯ ಫೋನು

ಧರ್ಮಪುರಿ ಸೀಮೆಯ ಕನ್ನಡ ಮನೆಗಳಿಗೆ ಬೆಂಗಳೂರು ಯಾವತ್ತೂ ದೂರದ ಊರಲ್ಲ. ಹೊಸೂರಿನಿಂದ ಸುಮಾರು 40 ಕಿಲೋಮೀಟರ್, ಧರ್ಮಪುರಿಯಿಂದ ಸುಮಾರು 130. ಹೆಣ್ಣು ಕೊಟ್ಟು ತಂದ ನಂಟು, ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲವೂ ಆ ಕಡೆಗೇ. ಆದರೆ ಫೋನಿನ ಲೆಕ್ಕದಲ್ಲಿ ಮಾತ್ರ ಅದು ಪರಸ್ಥಳ. ಧರ್ಮಪುರಿಯನ್ನೊಳಗೊಂಡ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಹೊಸೂರು 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ ಸೇಲಂ ಜಿಲ್ಲೆಗೆ ಸೇರಿದವು. 1956ರಲ್ಲಿ ಭಾಷಾವಾರು ಗಡಿ ಬಂದಾಗ ಮದ್ರಾಸ್ ರಾಜ್ಯದಲ್ಲೇ ಉಳಿದವು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ದೂರವಾಣಿ ಇಲಾಖೆಯ ಸರ್ಕಲ್‌ಗಳು ರಾಜ್ಯದ ಗಡಿಯನ್ನೇ ಹಿಡಿದು ಬಂದವು. ಹಾಗಾಗಿ ಹೊಸೂರಿಗೆ 04344, ಕೃಷ್ಣಗಿರಿಗೆ 04343, ಧರ್ಮಪುರಿಗೆ 04342, ಸೇಲಂಗೆ 0427. ಪಕ್ಕದಲ್ಲೇ ಇರುವ ಬೆಂಗಳೂರಿನ 080 ಬೇರೆ ಸರ್ಕಲ್‌ನ ಕೋಡ್.

ಟ್ರಂಕ್ ಕಾಲ್‌ನ ಕಾಲದಲ್ಲಿ ಬೆಂಗಳೂರಿಗೆ ಮಾತಾಡಬೇಕೆಂದರೆ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು, ಅವಸರ ಹೆಚ್ಚಿದಷ್ಟೂ ದರ ಹೆಚ್ಚು. ಇಷ್ಟು ಕಾಯಿಸುವುದಕ್ಕೂ ಇಷ್ಟು ದುಡ್ಡು ಕೇಳುವುದಕ್ಕೂ ಒಂದೇ ಕಾರಣ. ಎರಡು ಊರುಗಳ ನಡುವೆ ಬೆರಳೆಣಿಕೆಯ ಸರ್ಕ್ಯೂಟ್‌ಗಳಿದ್ದವು. ಒಬ್ಬರು ಮಾತಾಡಲು ಹಿಡಿದರೆ ಆ ದಾರಿ ಪೂರ್ತಿ ಅವರದೇ. ಅವರು ಮಾತಾಡಲಿ, ಸುಮ್ಮನಿರಲಿ, ಅಳಲಿ, ಫೋನಿಡುವವರೆಗೆ ಬೇರೊಬ್ಬರಿಗೆ ಅದರಲ್ಲಿ ಜಾಗವಿಲ್ಲ. ಇಪ್ಪತ್ತನೆಯ ಶತಮಾನದ ದೂರವಾಣಿ ಲೋಕ ನಿಂತದ್ದು ಈ ಕಾಯ್ದಿರಿಸಿದ ದಾರಿಯ ಮೇಲೆ. ಮುಂದೆ ಅದನ್ನು ಕೆಡವಿದ ಪ್ಯಾಕೆಟ್ ಜಾಲ ಹಳೆಯದನ್ನು ಒಂದೇ ಏಟಿಗೆ ಅಳಿಸಿಹಾಕಿತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ದಾಖಲೆಗಳು ಹೇಳುವ ಕಥೆ ಬೇರೆ. ಹೊಸ ಜಾಲವು ಹಳೆಯ ಸರ್ಕ್ಯೂಟನ್ನು ಹಾಗೆಯೇ ಎತ್ತಿಕೊಂಡು ನಡೆಯಲು ಹತ್ತಾರು ವರ್ಷ ಕಷ್ಟಪಟ್ಟು ಕಲಿಯಿತು, ಹಾಗೆ ಕಲಿತದ್ದರಿಂದಲೇ ಗೆದ್ದಿತು.

ಹಳೆಯ ಸರ್ಕ್ಯೂಟ್ ಅಂಕಿಯ ರೂಪ ತಾಳಿದ ಕಥೆಯಿಂದ ಶುರು ಮಾಡಬೇಕು. 1930ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಪ್ರಯೋಗಾಲಯವೊಂದರಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್, ದನಿಯನ್ನು ಅಳೆದು ಸಂಖ್ಯೆಗಳಾಗಿ ಕಳಿಸುವ ಪಿಸಿಎಂ ವಿಧಾನವನ್ನು ಕಂಡುಹಿಡಿದ. ಆಗ ಅದನ್ನು ಅಗ್ಗವಾಗಿ ಮಾಡಿಕೊಡುವ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. 1962ರಲ್ಲಿ ಅಮೆರಿಕದ ಬೆಲ್ ಕಂಪನಿ ಅದನ್ನು ಬಳಕೆಗೆ ತಂದಿತು. ಯುರೋಪು ಮತ್ತು ಭಾರತ ಹಿಡಿದ ಅಳತೆ ಹೀಗೆ: ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯಬೇಕು, ಪ್ರತಿ ಅಳತೆಗೆ 8 ಬಿಟ್, ಒಟ್ಟು ಸೆಕೆಂಡಿಗೆ 64,000 ಬಿಟ್. ಇಂಥ 32 ಕಾಲಭಾಗಗಳನ್ನು ಒಂದರ ಹಿಂದೊಂದು ಪೋಣಿಸಿದರೆ 2.048 ಮೆಗಾಬಿಟ್‌ನ ಒಂದು ಇ-1. ಅದರಲ್ಲಿ 30 ಮಾತಿಗೆ, ಉಳಿದೆರಡು ಹೊಂದಾಣಿಕೆಗೆ ಮತ್ತು ಸಿಗ್ನಲಿಂಗ್‌ಗೆ. ನಮ್ಮ ಎಕ್ಸ್‌ಚೇಂಜ್‌ಗಳ ಸಿಬ್ಬಂದಿ ಅದನ್ನು 'ಪಿಸಿಎಂ' ಎಂದೋ 'ಟೂ ಎಂಬಿ' ಎಂದೋ ಕರೆಯುತ್ತಾ ಬಂದಿದ್ದಾರೆ. ಇ-1ರಲ್ಲಿ ಯಾವ ಬಿಟ್ ಯಾರದು ಎಂದು ಹೇಳುವ ವಿಳಾಸವೇ ಇಲ್ಲ. ಏಳನೆಯ ಕಾಲಭಾಗದಲ್ಲಿ ಬಂದದ್ದು ಏಳನೆಯ ಮಾತು, ಅಷ್ಟೇ. ಕಾಲವೇ ವಿಳಾಸ. ಮುಂದಿನ ತೊಡಕೆಲ್ಲ ಹುಟ್ಟಿದ್ದು ಇಲ್ಲಿಂದ.

ಭಾರತದಲ್ಲಿ ಈ ಅಂಕಿಯ ಯುಗ ಹಳ್ಳಿಗೆ ಇಳಿದ ಜಾಗ ಕರ್ನಾಟಕದಲ್ಲಿದೆ. 1948ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಹುಟ್ಟಿದ ಐಟಿಐ ಕಾರ್ಖಾನೆ ಯಾಂತ್ರಿಕವಾದ ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳನ್ನೂ ಆಮೇಲೆ ಕ್ರಾಸ್‌ಬಾರ್‌ಗಳನ್ನೂ ತಯಾರಿಸುತ್ತಿತ್ತು. ಧೂಳು, ಸೆಕೆ, ಕೈಕೊಡುವ ಕರೆಂಟು ಇರುವ ಸಣ್ಣ ಊರಿಗೆ ಅವು ಹೇಳಿದವಲ್ಲ. 1984ರ ಆಗಸ್ಟ್‌ನಲ್ಲಿ ದೂರಸಂಪರ್ಕ ತಜ್ಞ ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಕೇಂದ್ರ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ದೇಶದ್ದೇ ಆದ ಅಂಕಿಯ ಎಕ್ಸ್‌ಚೇಂಜ್ ಎಂಬುದು ಅದರ ಮಾತು. ಜಿ. ಬಿ. ಮೀಮಾಂಸಿ ಅದರ ಕಾರ್ಯನಿರ್ವಾಹಕ ನಿರ್ದೇಶಕರಾದರು. ದೆಹಲಿ ಮತ್ತು ಬೆಂಗಳೂರಿನಲ್ಲಿ ತರುಣ ಎಂಜಿನಿಯರುಗಳು ಕೂತು ಕಟ್ಟಿದ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ 'ರ್‍ಯಾಕ್ಸ್' 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲ ಸಲ ಕೆಲಸ ಮಾಡಿತು. ಅದಕ್ಕೆ ಎಸಿ ಕೋಣೆ ಬೇಕಿರಲಿಲ್ಲ. ಒಂದು ಸಣ್ಣ ಕೋಣೆ, ಬ್ಯಾಟರಿ, ನೋಡಿಕೊಳ್ಳಲು ಒಬ್ಬ ಲೈನ್‌ಮನ್ ಇದ್ದರೆ ನಡೆಯುತ್ತಿತ್ತು.

ಸಿ-ಡಾಟ್ ಗೆದ್ದಿತೋ ಸೋತಿತೋ ಎಂಬ ಬಗ್ಗೆ ಬರೆದವರಲ್ಲಿ ಒಮ್ಮತವಿಲ್ಲ. ನಗರಗಳಿಗೆ ಬೇಕಿದ್ದ ದೊಡ್ಡ ಎಕ್ಸ್‌ಚೇಂಜ್ ಹೇಳಿದ ಗಡುವಿಗೆ ಬರಲಿಲ್ಲವೆಂಬುದು ಒಂದು ಪಕ್ಷ. 1990ರಲ್ಲಿ ಕೆ. ಪಿ. ಪಿ. ನಂಬಿಯಾರ್ ನೇತೃತ್ವದ ಸಮಿತಿ ಅದರ ಕೆಲಸವನ್ನು ಪರಿಶೀಲಿಸಿದ್ದೂ ಉಂಟು. ಗ್ರಾಮೀಣ ಎಕ್ಸ್‌ಚೇಂಜ್ ಒಂದೇ ಸಾಕು, ಕೊಟ್ಟ ದುಡ್ಡು ಹುಟ್ಟಿತು ಎಂಬುದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಹಳ್ಳಿಯ ಅಂಗಡಿಯ ಮುಂದೆ ಹಳದಿ ಬಣ್ಣದ ಎಸ್‌ಟಿಡಿ ಬೋರ್ಡ್ ಬರಲು, ರಾತ್ರಿಯ ಕಡಿಮೆ ದರಕ್ಕೆ ಜನ ಸಾಲು ನಿಲ್ಲಲು ಆ ಪುಟ್ಟ ಪೆಟ್ಟಿಗೆಗಳು ಬುನಾದಿ ಹಾಕಿದವು. ಆದರೆ ಅವೂ ಸರ್ಕ್ಯೂಟ್ ಯಂತ್ರಗಳೇ. ಅವುಗಳ ಬೆನ್ನಿಂದ ಹೊರಟದ್ದು ಅದೇ ಪಿಸಿಎಂ.

ಇಷ್ಟರಲ್ಲಿ ಪ್ಯಾಕೆಟ್ ಎಂಬ ಇನ್ನೊಂದು ವಿಚಾರ ಬೇರೆ ದಾರಿಯಲ್ಲಿ ಬೆಳೆದಿತ್ತು. 1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬರಾನ್, ಯುದ್ಧದಲ್ಲಿ ಅರ್ಧ ಹಾಳಾದರೂ ನಡೆಯುವ ಜಾಲವೊಂದನ್ನು ಬರೆದು ತೋರಿಸಿದ. ಮರುವರ್ಷ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದ. ಸಂದೇಶವನ್ನು ತುಂಡುಮಾಡಿ, ಪ್ರತಿ ತುಂಡಿಗೂ ವಿಳಾಸ ಬರೆದು ಬಿಟ್ಟುಬಿಡುವುದು. ತುಂಡುಗಳು ಸಿಕ್ಕ ದಾರಿಯಲ್ಲಿ ಹೋಗುತ್ತವೆ, ಯಾರಿಗೂ ಕಾಯ್ದಿರಿಸಿದ ದಾರಿಯಿಲ್ಲ. ಮೊದಲು ಹೊಳೆದದ್ದು ಯಾರಿಗೆ ಎಂಬ ಜಗಳದಲ್ಲಿ ಲೆನಾರ್ಡ್ ಕ್ಲೈನ್‌ರಾಕ್ ಹೆಸರೂ ಸೇರಿಕೊಂಡು ಇಂದಿಗೂ ನಡೆದಿದೆ. 1969ರ ಅಕ್ಟೋಬರ್‌ನಲ್ಲಿ ಅರ್ಪಾನೆಟ್ ಚಾಲೂ ಆಯಿತು. ಐದು ವರ್ಷ ಕಳೆಯುವುದರೊಳಗೆ, 1974ರಲ್ಲಿ, ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಅದೇ ಜಾಲದ ಮೇಲೆ ಕ್ಯಾಲಿಫೋರ್ನಿಯಾದಿಂದ ಮ್ಯಾಸಚೂಸೆಟ್ಸ್‌ಗೆ ಮಾತನ್ನು ಪ್ಯಾಕೆಟ್‌ಗಳಾಗಿ ಕಳಿಸಿದರು.

ಆದರೂ ಎರಡು ದಶಕ ಹಿರಿತನ ಸರ್ಕ್ಯೂಟಿನದೇ. ಪ್ಯಾಕೆಟ್ ಎಲ್ಲಿಗೆ ಹೋಗಬೇಕಿದ್ದರೂ ಸರ್ಕ್ಯೂಟಿನ ಮೇಲೆ ಕೂತೇ ಹೋಗುತ್ತಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಬಂದದ್ದು ಮೋಡೆಮ್ ಕಿರುಗುಟ್ಟುವ ಟೆಲಿಫೋನ್ ಲೈನಿನಲ್ಲಿ. ಈ ಅದಲುಬದಲಿನ ಕಥೆಯಲ್ಲಿ ಹುಬ್ಬಳ್ಳಿಯವರೊಬ್ಬರು ಎರಡು ಸಲ ಕಾಣಿಸಿಕೊಳ್ಳುತ್ತಾರೆ. ಗುರುರಾಜ ದೇಶಪಾಂಡೆ ಐಐಟಿ ಮದ್ರಾಸಿನಲ್ಲಿ ಓದಿ, ಕೆನಡಾ ದಾಟಿ, 1990ರಲ್ಲಿ ಅಮೆರಿಕದಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಕಟ್ಟಿದರು. ದುಬಾರಿ ಲೀಸ್ಡ್ ಲೈನ್ ಬದಲು ಫ್ರೇಮ್ ರಿಲೇ ಎಂಬ ಪ್ಯಾಕೆಟ್ ಸೇವೆ ಕೊಡುವ ಸ್ವಿಚ್‌ಗಳು ಅದರ ಸರಕು. 1997ರಲ್ಲಿ ಅಸೆಂಡ್ ಕಂಪನಿ ಅದನ್ನು ಸುಮಾರು 370 ಕೋಟಿ ಡಾಲರ್‌ಗೆ ಕೊಂಡಿತು. 2000ದಲ್ಲಿ ಸಂಜಯ್ ನಾಯಕ್, ಕುಮಾರ್ ಶಿವರಾಜನ್ ಅವರ ಜೊತೆ ದೇಶಪಾಂಡೆ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಶುರು ಮಾಡಿದರು. ತೇಜಸ್‌ನ ಮೊದಲ ಪೆಟ್ಟಿಗೆಗಳು ಸರ್ಕ್ಯೂಟ್ ಲೋಕದ ಎಸ್‌ಡಿಎಚ್ ಉಪಕರಣಗಳು, ಅವುಗಳಲ್ಲೇ ಕಂಪ್ಯೂಟರ್ ಜಾಲದ ಈಥರ್‌ನೆಟ್ಟನ್ನೂ ತೂರಿಸಿ ಕಳಿಸುತ್ತಿದ್ದರು. ಮುಂದೆ ಅದೇ ಕಂಪನಿ ಪ್ಯಾಕೆಟ್ ಪೆಟ್ಟಿಗೆ ಮಾಡಿ ಅದರೊಳಗೆ ಇ-1 ತೂರಿಸಿತು. ಒಂದೇ ಕಾರ್ಖಾನೆಯ ಸರಕುಪಟ್ಟಿಯಲ್ಲಿ ಒಂದು ಯುಗದ ತಿರುವು ಓದಲು ಸಿಗುತ್ತದೆ.

ತಿರುವಿಗೆ ಮುನ್ನ ಒಂದು ರಾಜಿ ಪ್ರಯತ್ನ ನಡೆದಿತ್ತು. ಮಾತು ಮತ್ತು ದತ್ತಾಂಶ ಎರಡನ್ನೂ ಹೊರಬಲ್ಲ ಒಂದೇ ಜಾಲವನ್ನು ದೂರವಾಣಿ ಕಂಪನಿಗಳೇ ರೂಪಿಸಲು ಹೊರಟವು. ಅದರ ಹೆಸರು ಎಟಿಎಂ, ಹಣ ಕೊಡುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲ್ಲವನ್ನೂ ಒಂದೇ ಗಾತ್ರದ ಪುಟ್ಟ ತುಂಡುಗಳಾಗಿ ಕತ್ತರಿಸಬೇಕು, ಸರಿ. ಗಾತ್ರವೆಷ್ಟು? 64,000 ಬಿಟ್ ವೇಗದ ದನಿ ಒಂದು ಬೈಟ್ ತುಂಬಲು 125 ಮೈಕ್ರೊಸೆಕೆಂಡ್ ಬೇಕು. 32 ಬೈಟ್‌ನ ತುಂಡು ತುಂಬುವುದಕ್ಕೆ 4 ಮಿಲಿಸೆಕೆಂಡ್, 64 ಬೈಟ್‌ಗೆ 8. ತಡ ಹೆಚ್ಚಿದರೆ ಆಡಿದ ಮಾತು ಕಿವಿಗೆ ಪ್ರತಿಧ್ವನಿಯಾಗಿ ತಿರುಗಿ ಬರುತ್ತದೆ, ಅದನ್ನು ಅಳಿಸಲು ಬೇರೆ ಉಪಕರಣ ಬೇಕು. ಫ್ರಾನ್ಸ್‌ನಂಥ ಚಿಕ್ಕ ದೇಶದಲ್ಲಿ 32 ಬೈಟ್ ಸಾಕೆಂದರೆ ಆ ಖರ್ಚೇ ಬೇಡ. ಅಮೆರಿಕದ ವಿಸ್ತಾರಕ್ಕೆ ಆ ಉಪಕರಣ ಹೇಗೂ ಬೇಕೇ ಬೇಕು, ಆದ್ದರಿಂದ ಅವರಿಗೆ 64 ಇಷ್ಟ. 1989ರಲ್ಲಿ ಅಂತರರಾಷ್ಟ್ರೀಯ ಸಮಿತಿ ಎರಡರ ನಡುವಿನ 48ಕ್ಕೆ ಒಪ್ಪಿತು, ಅದರ ಮೇಲೆ 5 ಬೈಟ್ ವಿಳಾಸ. 53 ಬೈಟ್ ಎಂಬ ವಿಚಿತ್ರ ಸಂಖ್ಯೆ ಯಾವ ಲೆಕ್ಕಾಚಾರದಿಂದಲೂ ಬಂದದ್ದಲ್ಲ, ಯಾರಿಗೂ ಪೂರ್ತಿ ಒಪ್ಪಿಗೆಯಾಗದ ಪಂಚಾಯಿತಿಯಿಂದ ಬಂದದ್ದು.

1990ರ ದಶಕದ ನಡುವೆ ಇದು ಬಹಿರಂಗ ಜಗಳವಾಯಿತು. 1996ರಲ್ಲಿ ವೈರ್ಡ್ ಪತ್ರಿಕೆಯಲ್ಲಿ ಸ್ಟೀವ್ ಸ್ಟೈನ್‌ಬರ್ಗ್ ಎರಡು ಪಂಗಡಗಳನ್ನು ಎದುರುಬದುರು ನಿಲ್ಲಿಸಿ ಬರೆದ. ಜಾಲವೇ ಬುದ್ಧಿವಂತವಾಗಿರಬೇಕು, ಕೊಟ್ಟ ಮಾತಿಗೆ ತಪ್ಪಬಾರದು ಎನ್ನುವ ದೂರವಾಣಿಯವರು ಒಂದು ಕಡೆ. ಜಾಲ ಬರೀ ಸಾಗಿಸಲಿ, ಬುದ್ಧಿ ತುದಿಯ ಯಂತ್ರದಲ್ಲಿರಲಿ ಎನ್ನುವ ಇಂಟರ್‌ನೆಟ್‌ನವರು ಇನ್ನೊಂದು ಕಡೆ. ಮರುವರ್ಷ ದೂರವಾಣಿ ಕಂಪನಿ ಎಟಿ ಆಂಡ್ ಟಿಯ ಒಳಗಿನವನೇ ಆದ ಡೇವಿಡ್ ಐಸೆನ್‌ಬರ್ಗ್ ಎರಡನೆಯ ಪಕ್ಷದ ಪರ ಬರೆದ. ಅಗ್ಗದ ಈಥರ್‌ನೆಟ್, ಐಪಿ, 2001ರ ಹೊತ್ತಿಗೆ ಪ್ಯಾಕೆಟ್‌ಗೆ ನಿಗದಿತ ದಾರಿ ಕೊಡುವ ಎಂಪಿಎಲ್‌ಎಸ್ ಬಂದವು, ಎಟಿಎಂ ಹಿಂದೆ ಬಿತ್ತು. ಇಂಟರ್‌ನೆಟ್ ಗೆದ್ದಿತೆಂದು ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇದಾದ ಮೇಲೆ ನಡೆದದ್ದೇ ಹೆಚ್ಚು ಮುಖ್ಯ.

ಏಕೆಂದರೆ ಗೆದ್ದವರ ಮುಂದೆ ಕೋಟಿಗಟ್ಟಲೆ ಹಳೆಯ ಯಂತ್ರಗಳು ನಿಂತಿದ್ದವು. ಎಕ್ಸ್‌ಚೇಂಜ್‌ಗಳು, ಬ್ಯಾಂಕಿನ ಲೀಸ್ಡ್ ಲೈನ್‌ಗಳು, ರೈಲ್ವೆಯ ಕಂಟ್ರೋಲ್ ಫೋನ್‌ಗಳು, ಎಲ್ಲಕ್ಕಿಂತ ಹೆಚ್ಚಾಗಿ 2ಜಿ ಮೊಬೈಲ್ ಟವರ್‌ಗಳು. ಇವೆಲ್ಲವೂ ಕೇಳುತ್ತಿದ್ದದ್ದು ಇ-1 ಒಂದನ್ನೇ. ಟವರಿಗೆ ಹೊಸ ಫೈಬರ್ ಎಳೆದು ಈಥರ್‌ನೆಟ್ ಕೊಟ್ಟರೆ 3ಜಿ ಖುಷಿಪಡುತ್ತದೆ, 2ಜಿ ಅದನ್ನು ಗುರುತಿಸುವುದೂ ಇಲ್ಲ. ಎರಡು ಜಾಲ ಸಾಕಲು ಕಂಪನಿಗಳಿಗೆ ದುಡ್ಡಿಲ್ಲ. ಉಳಿದ ದಾರಿ ಒಂದೇ: ಪ್ಯಾಕೆಟ್ ಜಾಲದ ಎರಡು ತುದಿಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟು, ಒಳಗೆ ಬಂದ ಇ-1ನ್ನು ಕತ್ತರಿಸಿ ಪ್ಯಾಕೆಟ್ ಮಾಡಿ, ಆ ತುದಿಯಲ್ಲಿ ಮತ್ತೆ ಹೊಲಿದು, ಎಕ್ಸ್‌ಚೇಂಜಿಗೆ ಗೊತ್ತೇ ಆಗದಂತೆ ಇ-1 ಆಗಿಯೇ ಕೊಡುವುದು.

ಈ ಕೆಲಸಕ್ಕೆ ನಿಯಮ ಬರೆದವರು ಮುಖ್ಯವಾಗಿ ಇಬ್ಬರು, ಇಬ್ಬರ ಕಚೇರಿಯೂ ಟೆಲ್ ಅವೀವ್‌ನಲ್ಲೇ. ರ್‍ಯಾಡ್ ಕಂಪನಿಯ ಯಾಕೋವ್ ಸ್ಟೈನ್, ಆಕ್ಸೆರಾ ಕಂಪನಿಯ ಅಲೆಕ್ಸಾಂಡರ್ ವೈನ್‌ಸ್ಟೈನ್. ಸೋತ ಎಟಿಎಂನಿಂದ ಎಎಎಲ್-1 ಎಂಬ ಹಳೆಯ ಕಟ್ಟುವಿಕೆಯನ್ನು ತೆಗೆದುಕೊಂಡು ಐಪಿ ಮೇಲೆ ಕೂರಿಸಬೇಕೆಂಬುದು ರ್‍ಯಾಡ್‌ನ ದಾರಿ. ಬಳಕೆಯಲ್ಲಿರುವ ಕಾಲಭಾಗಗಳನ್ನಷ್ಟೇ ಆಯ್ದು ನೇರವಾಗಿ ಪ್ಯಾಕೆಟ್‌ಗೆ ತುಂಬಿಸಬೇಕೆಂಬುದು ಆಕ್ಸೆರಾದ ದಾರಿ. ಇಂಟರ್‌ನೆಟ್ ನಿಯಮಗಳನ್ನು ಬರೆಯುವ ಐಇಟಿಎಫ್‌ನಲ್ಲಿ ವರ್ಷಗಟ್ಟಲೆ ವಾದ ನಡೆದು, ಒಳಗೇನಿದೆಯೆಂದು ನೋಡುವ ಗೊಡವೆಗೇ ಹೋಗದ ಮೂರನೆಯ ಸರಳ ವಿಧಾನಕ್ಕೆ ಅಧಿಕೃತ ಮಾನಕದ ಪಟ್ಟ ಸಿಕ್ಕಿತು. 2006ರ ಜೂನ್‌ನ ಆರ್‌ಎಫ್‌ಸಿ 4553 ಎಂಬ ದಾಖಲೆ ಅದು, ಸಂಪಾದಕರಾಗಿ ಎದುರಾಳಿಗಳಿಬ್ಬರ ಹೆಸರೂ ಒಟ್ಟಿಗೆ ಇವೆ. ಅವರವರ ಸ್ವಂತ ದಾರಿಗಳು 2007ರ ಡಿಸೆಂಬರ್‌ನಲ್ಲಿ 5086, 5087 ಎಂಬ ಅಕ್ಕಪಕ್ಕದ ಸಂಖ್ಯೆಗಳಲ್ಲಿ, ಮಾಹಿತಿಗಾಗಿ ಎಂಬ ಕೆಳದರ್ಜೆಯಲ್ಲಿ ಪ್ರಕಟವಾದವು.

4553 ಹೇಳುವ ಪ್ರಕಾರ ಇ-1ನ್ನು ಸಾಮಾನ್ಯವಾಗಿ 256 ಬೈಟ್‌ಗಳಾಗಿ ಕತ್ತರಿಸಬೇಕು, ಅಂದರೆ ಒಂದು ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ ಸಾವಿರ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ. ಕೆಲವು ಬೇಗ, ಕೆಲವು ತಡವಾಗಿ ಬರುವುದರಿಂದ ಆ ತುದಿಯಲ್ಲಿ ಸ್ವಲ್ಪ ಹೊತ್ತು ಕೂಡಿಟ್ಟು ಸಮನಾಗಿ ಬಿಡಬೇಕು. ಕಳೆದುಹೋದದ್ದರ ಜಾಗಕ್ಕೆ ಪೊಳ್ಳು ಬಿಟ್ ತುಂಬಬೇಕು. ಇಷ್ಟೂ ಸುಲಭ. ಕಷ್ಟವಾದದ್ದು ಗಡಿಯಾರ.

ಹೊಸೂರಿನ ಟೈಟನ್ ಕಾರ್ಖಾನೆಯಲ್ಲಿ ತಯಾರಾಗುವಂಥ ಕೈಗಡಿಯಾರವೊಂದನ್ನು ಅಳತೆಗೆ ಇಟ್ಟುಕೊಳ್ಳೋಣ. ಇ-1ಗೆ ನಿಗದಿಯಾದ ಸಡಿಲ ಹತ್ತು ಲಕ್ಷದಲ್ಲಿ 50 ಪಾಲು, ಕೈಗಡಿಯಾರದ ಭಾಷೆಯಲ್ಲಿ ದಿನಕ್ಕೆ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ಆದರೆ ಎರಡು ತುದಿಗಳ ನಡುವೆ ಅಷ್ಟೇ ಅಂತರ ಉಳಿದುಬಿಟ್ಟರೂ ಎರಡೂವರೆ ಸೆಕೆಂಡಿಗೊಮ್ಮೆ ಒಂದು ಫ್ರೇಮ್, ಅಂದರೆ 32 ಕಾಲಭಾಗಗಳ ಒಂದು ಸುತ್ತು, ಉಕ್ಕಿ ಚೆಲ್ಲುತ್ತದೆ ಅಥವಾ ಖಾಲಿ ಬೀಳುತ್ತದೆ. ಎಕ್ಸ್‌ಚೇಂಜ್‌ನವರು ಸ್ಲಿಪ್ ಎನ್ನುವುದು ಇದಕ್ಕೇ. ಮಾತಿನಲ್ಲಿ ಟಿಕ್ ಎಂದು ಕೇಳಿಸುತ್ತದೆ, ಫ್ಯಾಕ್ಸ್ ಆದರೆ ಪುಟವೇ ಕೆಡುತ್ತದೆ. 2ಜಿ ಟವರ್ ತನ್ನ ರೇಡಿಯೊ ತರಂಗಾಂತರವನ್ನು ನೂರು ಕೋಟಿಯಲ್ಲಿ 50 ಪಾಲಿನೊಳಗೆ ಹಿಡಿದಿಡಬೇಕು, ಅಂದರೆ ಕೈಗಡಿಯಾರ ದಿನಕ್ಕೆ ಮಿಲಿಸೆಕೆಂಡಿನ ಲೆಕ್ಕದಲ್ಲಿ ನಾಲ್ಕಷ್ಟೇ ತಪ್ಪಬಹುದು. ಆ ಕಾಲಜ್ಞಾನವನ್ನು ಟವರ್ ಪಡೆಯುತ್ತಿದ್ದದ್ದು ಇ-1ರಿಂದಲೇ. ದೊಡ್ಡ ಎಕ್ಸ್‌ಚೇಂಜ್‌ಗಳ ಪರಮಾಣು ಗಡಿಯಾರ ದಿನಕ್ಕೆ ಒಂದು ಮೈಕ್ರೊಸೆಕೆಂಡೂ ತಪ್ಪುವುದಿಲ್ಲ. ಹಳೆಯ ಜಾಲದಲ್ಲಿ ಈ ತಾಳ ತಂತಿಯ ಮೂಲಕ ಊರಿಂದ ಊರಿಗೆ ತಾನಾಗಿ ಇಳಿಯುತ್ತಿತ್ತು. ಪ್ಯಾಕೆಟ್ ಜಾಲಕ್ಕೆ ತಾಳವೇ ಇಲ್ಲ.

ಮೊದಲು ಕೂಡಿಟ್ಟ ಪ್ಯಾಕೆಟ್‌ಗಳ ಮಟ್ಟ ನೋಡಿ ಊಹಿಸುವ ಉಪಾಯ ಮಾಡಿದರು. ಮಟ್ಟ ಏರಿದರೆ ನಮ್ಮ ಗಡಿಯಾರ ನಿಧಾನ, ಇಳಿದರೆ ಜೋರು. ಆದರೆ ಸಂಜೆ ಜನ ಇಂಟರ್‌ನೆಟ್ ತೆರೆದಾಗ ಜಾಲದಲ್ಲಿ ದಟ್ಟಣೆ ನಿಧಾನವಾಗಿ ಏರುತ್ತದೆ, ಪ್ಯಾಕೆಟ್‌ಗಳು ತಡವಾಗುತ್ತವೆ, ಪೆಟ್ಟಿಗೆ ಅದನ್ನು ಗಡಿಯಾರದ ತಪ್ಪೆಂದು ತಿಳಿದು ಸರಿಯಿದ್ದದ್ದನ್ನೇ ಕೆಡಿಸುತ್ತದೆ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೊರತಂದ ಜಿ.8261 ಶಿಫಾರಸಿನಿಂದ ದಾರಿ ತೆರೆಯಿತು. ಈಥರ್‌ನೆಟ್ ತಂತಿಯ ಬಿಟ್ ವೇಗಕ್ಕೇ ತಾಳ ಕಟ್ಟುವ ಸಿಂಕ್ರೊನಸ್ ಈಥರ್‌ನೆಟ್, ಅದರ ಬೆನ್ನಿಗೆ 2008ರಲ್ಲಿ ಪರಿಷ್ಕೃತವಾದ, ಪ್ಯಾಕೆಟ್‌ನಲ್ಲೇ ಸಮಯ ಬರೆದು ಕಳಿಸುವ ಐಇಇಇ 1588 ಬಂದವು. ಕಾಲದ ಗೊಡವೆಯೇ ಬೇಡವೆಂದು ಹೊರಟಿದ್ದ ಜಾಲ, ಹಳೆಯದನ್ನು ಹೊರುವ ಸಲುವಾಗಿ ಕಾಲವನ್ನು ಕಲಿತುಕೊಂಡಿತು. ಇಂದಿನ 5ಜಿ ಟವರ್‌ಗಳು ಆ ಕಲಿಕೆಯ ಮೇಲೆಯೇ ನಡೆಯುತ್ತಿವೆ.

ಭಾರತದಲ್ಲಿ ಇದೇ ಹೊತ್ತಿಗೆ ದೂರದ ಬೆಲೆ ಕುಸಿಯಿತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿತ್ತು. 2006ರ ಮಾರ್ಚ್ 1ರಿಂದ 'ಒನ್ ಇಂಡಿಯಾ' ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯಾಯಿತು. ಹೊಸೂರಿನವರಿಗೆ ಬೆಂಗಳೂರೂ ಒಂದೇ, ದೆಹಲಿಯೂ ಒಂದೇ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗ್ ಶುಲ್ಕ ಕೈಬಿಟ್ಟ ಮೇಲೆ ಗಡಿ ದಾಟಿದಾಗ ಕರೆ ಸ್ವೀಕರಿಸಲು ಹೆದರುವ ಕಾಲವೂ ಮುಗಿಯಿತು. ಫೈಬರಿನ ಸಾಮರ್ಥ್ಯ, ಪೈಪೋಟಿ, ನಿಯಂತ್ರಣ ನೀತಿ ಮೂರೂ ಇದಕ್ಕೆ ಕಾರಣ. ಪ್ಯಾಕೆಟ್ ಒಂದಕ್ಕೇ ಹೊಗಳಿಕೆ ಸಲ್ಲದು.

ಹಳ್ಳಿಯ ಎಕ್ಸ್‌ಚೇಂಜನ್ನು ಹೊಸ ಜಾಲಕ್ಕೆ ತರುವ ಕೆಲಸದಲ್ಲಿ ಸಿ-ಡಾಟ್ ತನ್ನದೇ ಹಳೆಯ ಯಂತ್ರಕ್ಕೆ ಎರಡನೆಯ ಆಯುಷ್ಯ ಕೊಟ್ಟಿತು. ಮ್ಯಾಕ್ಸ್-ಎನ್‌ಜಿ ಎಂಬ ವ್ಯವಸ್ಥೆಯಲ್ಲಿ ಗ್ರಾಹಕರ ಲೈನ್ ಕಾರ್ಡ್‌ಗಳು, ತಂತಿಗಳು ಕೂಡುವ ಎಂಡಿಎಫ್ ಚೌಕಟ್ಟು, ತಾಮ್ರದ ಕೇಬಲ್, ಮನೆಯ ಫೋನು ಇದ್ದಲ್ಲೇ ಉಳಿಯುತ್ತವೆ. ನಡುವಿನ ಸ್ವಿಚಿಂಗ್ ಭಾಗ ಮಾತ್ರ ಹೋಗಿ ಐಪಿ ಗೇಟ್‌ವೇ ಬರುತ್ತದೆ. ಕರೆ ಎಲ್ಲಿಗೆ ಹೋಗಬೇಕೆಂದು ದೂರದ ಸಾಫ್ಟ್‌ಸ್ವಿಚ್ ಹೇಳುತ್ತದೆ. ಅಜ್ಜಿಯ ಕೈಯಲ್ಲಿನ ರಿಸೀವರಿಗೆ ಯಾವ ವ್ಯತ್ಯಾಸವೂ ತಿಳಿಯದು. ಎಲ್ಲವನ್ನೂ ಕಿತ್ತೆಸೆದು ಹೊಸದು ತರುವುದಕ್ಕಿಂತ ಇದು ವಿವೇಕದ ಕೆಲಸವೆಂದೇ ನನ್ನ ಎಣಿಕೆ.

ನಷ್ಟವೂ ಆಯಿತು. 2020ರ ಜನವರಿ ಕೊನೆಯಲ್ಲಿ ಸ್ವಯಂನಿವೃತ್ತಿ ಪಡೆದು ಸುಮಾರು 78,000 ಮಂದಿ ಒಂದೇ ದಿನ ಬಿಎಸ್‌ಎನ್‌ಎಲ್ ಬಿಟ್ಟರು. ಯಾವ ಕಂಬದ ಬಳಿ ಜಾಯಿಂಟ್ ಇದೆ, ಯಾವ ಪಿಸಿಎಂ ಮಳೆಗಾಲದಲ್ಲಿ ಕೈಕೊಡುತ್ತದೆ ಎಂದು ಬಲ್ಲವರು ಅವರಲ್ಲಿ ಬಹಳ ಮಂದಿ. ಆ ತಿಳಿವಳಿಕೆ ಯಾವ ನಕ್ಷೆಯಲ್ಲೂ ಪೂರ್ತಿ ಬರೆದಿರಲಿಲ್ಲ. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶಕ್ಕೆ ಅರ್ಪಣೆಯಾದಾಗ ಅದರ ಕೇಂದ್ರಭಾಗ ಸಿ-ಡಾಟ್‌ನದು, ರೇಡಿಯೊ ತೇಜಸ್‌ನದು. 4ಜಿಯಲ್ಲಿ ಸರ್ಕ್ಯೂಟ್ ಎಂಬುದೇ ಇಲ್ಲ, ಮಾತೂ ಪ್ಯಾಕೆಟ್ಟೇ.

ಆದರೆ ಮಾತು ಬಿಟ್ಟ ಮೇಲೂ ಸರ್ಕ್ಯೂಟನ್ನು ಬಿಡದ ಒಂದು ಕ್ಷೇತ್ರ ಧರ್ಮಪುರಿಯಲ್ಲೇ ಕಾಣುತ್ತದೆ. ವಿದ್ಯುತ್ ಸಾಗಿಸುವ ಪವರ್‌ಗ್ರಿಡ್ ಸಂಸ್ಥೆಯ ಹೊಸ ಸೇಲಂ ಉಪಕೇಂದ್ರ ಧರ್ಮಪುರಿ ಬಳಿಯಿದೆ. ಅಲ್ಲಿಂದ ತುಮಕೂರು ಜಿಲ್ಲೆಯ ಮಧುಗಿರಿಗೆ 765 ಕಿಲೋವೋಲ್ಟ್ ದರ್ಜೆಯ ಮಾರ್ಗ ಹೋಗುತ್ತದೆ. ಇಂಥ ಉದ್ದದ ಮಾರ್ಗಗಳನ್ನು ಕಾಯುವ ಡಿಫರೆನ್ಷಿಯಲ್ ರಿಲೇಗಳು ಎರಡು ತುದಿಯ ವಿದ್ಯುತ್ ಪ್ರವಾಹವನ್ನು ಕ್ಷಣಕ್ಷಣಕ್ಕೂ ಹೋಲಿಸುತ್ತವೆ. ಹೋಲಿಕೆಯ ಸಂದೇಶ ಸಾಗುವುದು ಹಳೆಯ 64 ಕಿಲೋಬಿಟ್ ಲೆಕ್ಕದ ದಾರಿಯಲ್ಲೇ. ಹೋಗುವ ದಾರಿಯೂ ಬರುವ ದಾರಿಯೂ ಸಮ ಎಂದು ರಿಲೇ ನಂಬುತ್ತದೆ. ಪ್ಯಾಕೆಟ್ ಜಾಲದಲ್ಲಿ ಒಂದು ಕಡೆ ಒಂದು ಮಿಲಿಸೆಕೆಂಡ್ ಹೆಚ್ಚು ತಡವಾದರೆ ಲೆಕ್ಕ ಅರ್ಧ ಮಿಲಿಸೆಕೆಂಡ್ ತಪ್ಪುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು 9 ಡಿಗ್ರಿಯ ಓರೆ. ಇನ್ನೂ ಹೆಚ್ಚಾದರೆ ಇಲ್ಲದ ದೋಷ ಕಂಡು ರಿಲೇ ಲೈನನ್ನು ಕಡಿದುಬಿಡಬಹುದು. ಆದ್ದರಿಂದ ಜಗತ್ತಿನಾದ್ಯಂತ ವಿದ್ಯುತ್ ಸಂಸ್ಥೆಗಳು ಎಲ್ಲರಿಗಿಂತ ತಡವಾಗಿ, ಪ್ರತಿ ಹೆಜ್ಜೆ ಪರೀಕ್ಷಿಸಿ ಪ್ಯಾಕೆಟ್‌ಗೆ ಬರುತ್ತಿವೆ. ಅವರ ಹಿಂಜರಿಕೆಯನ್ನು ಹಳೆಯ ಕಾಲದ ಹಟವೆಂದು ಕರೆಯುವುದು ಅನ್ಯಾಯ.

ಇನ್ನೊಂದನ್ನು ಯಾವ ಪ್ಯಾಕೆಟ್ಟೂ ಅನುಕರಿಸಲಾರದು. ತಾಮ್ರದ ಲೈನು ತನ್ನ ಕರೆಂಟನ್ನು ತಾನೇ ಎಕ್ಸ್‌ಚೇಂಜ್‌ನ 48 ವೋಲ್ಟ್ ಬ್ಯಾಟರಿಯಿಂದ ತರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನು ನಡೆಯುತ್ತಿತ್ತು. ಫೈಬರಿನ ಗಾಜು ಬೆಳಕನ್ನು ತರುತ್ತದೆ, ಕರೆಂಟು ತರುವುದಿಲ್ಲ. ಮನೆಯ ಪೆಟ್ಟಿಗೆಗೆ ಕರೆಂಟು ಮನೆಯದೇ ಆಗಬೇಕು. ಬ್ರಿಟನ್ನಿನಲ್ಲಿ ವೃದ್ಧರು ಕುತ್ತಿಗೆಗೆ ಕಟ್ಟಿಕೊಳ್ಳುವ ತುರ್ತು ಗುಂಡಿಗಳು ಹೊಸ ಲೈನಿನಲ್ಲಿ ಕೈಕೊಟ್ಟ ಪ್ರಕರಣಗಳಾದ ಮೇಲೆ 2023ರ ಡಿಸೆಂಬರ್‌ನಲ್ಲಿ ಬಲವಂತದ ಬದಲಾವಣೆಗೆ ತಡೆ ಬಿತ್ತು. ಹಳೆಯ ಜಾಲ ಮುಚ್ಚುವ ಗಡುವನ್ನು 2025ರ ಕೊನೆಯಿಂದ 2027ರ ಜನವರಿಗೆ ಮುಂದೂಡಿದರು. ನಮ್ಮಲ್ಲಿ ಹಳ್ಳಿಗಳಿಗೆ ಜಾಲ ಒಯ್ಯಲು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ ಭಾರತ್‌ನೆಟ್ ಫೈಬರ್ ಯೋಜನೆಯನ್ನು ತಮಿಳುನಾಡಿನಲ್ಲಿ ರಾಜ್ಯದ ಸ್ವಂತ ನಿಗಮವೇ ನಡೆಸುತ್ತಿದೆ. ಪೆನ್ನಾಗರಂ ಕಡೆಯ ಗುಡ್ಡದ ಊರುಗಳಿಗೆ, ಡೆಂಕಣಿಕೋಟೆಯ ಕಾಡಂಚಿನ ಹಳ್ಳಿಗಳಿಗೆ ಗಾಜಿನ ಎಳೆಯ ಜೊತೆಗೆ ಬ್ಯಾಟರಿಯೂ ಹೋಗಬೇಕು, ಅದರ ಖರ್ಚು ಮನೆಯವರ ತಲೆಗೆ ಬೀಳದೆ ಯೋಜನೆಯ ಅಂದಾಜುಪಟ್ಟಿಯಲ್ಲೇ ಬರಬೇಕು.